ಪ್ರಶ್ನೆ ಕೇಳುವ ಸಂಸದರು, ಲೆಕ್ಕಕ್ಕೆ ಸಿಗದ ಜನ

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಒಂದು ಲೆಕ್ಕ ಕೊಟ್ಟಿತು. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ, 2020ರ ಡಿಸೆಂಬರ್ 31ರವರೆಗಿನ ಐದು ವರ್ಷಗಳಲ್ಲಿ 340 ಮಂದಿ ಸತ್ತಿದ್ದಾರೆ ಎಂಬ ಲೆಕ್ಕ ಅದು. ಅದೇ ವರ್ಷ ಜುಲೈ ಕೊನೆಗೆ ರಾಜ್ಯಸಭೆಯಲ್ಲಿ ಇನ್ನೊಂದು ಉತ್ತರ ಬಂತು. ಕೇಳಿದವರು ಕರ್ನಾಟಕದ ಇಬ್ಬರು ಸದಸ್ಯರು, ಮಲ್ಲಿಕಾರ್ಜುನ ಖರ್ಗೆ ಮತ್ತು ಕವಿ ಎಲ್. ಹನುಮಂತಯ್ಯ. ಉತ್ತರ ಕೊಟ್ಟವರು ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವ ರಾಮದಾಸ್ ಅಠಾವಳೆ. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಎಂದು ಆ ಲಿಖಿತ ಉತ್ತರ ಹೇಳಿತು.

ಎರಡೂ ಉತ್ತರ ಒಂದೇ ಸಚಿವಾಲಯದ್ದು. ನಡುವೆ ಇರುವುದು ಐದಾರು ತಿಂಗಳು. ಒಂದರಲ್ಲಿ 340 ಸಾವು, ಇನ್ನೊಂದರಲ್ಲಿ ಒಂದೂ ಇಲ್ಲ. ಸರ್ಕಾರ ಸುಳ್ಳು ಹೇಳಿತು ಎಂದು ಬೈದು ಬಿಟ್ಟುಬಿಡಬಹುದು. ಆದರೆ ಕಾನೂನಿನ ಪುಸ್ತಕ ತೆಗೆದು ನೋಡಿದರೆ ಎರಡೂ ಉತ್ತರಗಳಿಗೆ ಅದರಲ್ಲೇ ಜಾಗ ಇದೆ. ಅದು ಇನ್ನೂ ಜಾಸ್ತಿ ಚಿಂತೆಯ ವಿಷಯ.

2013ರ ಕಾಯ್ದೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದೆ. ಆ ಕಾಯ್ದೆಯೊಳಗೆ ಎರಡು ಬೇರೆ ಬೇರೆ ಖಾನೆಗಳಿವೆ. ನೀರಿಲ್ಲದ ಶೌಚಾಲಯದಿಂದ, ಅದರ ಗುಂಡಿಯಿಂದ, ಅದು ಹರಿಯುವ ತೆರೆದ ಚರಂಡಿಯಿಂದ ಕೈಯಾರೆ ಮಲ ಎತ್ತುವವರು ಒಂದು ಖಾನೆ. ಸುರಕ್ಷಾ ಸಾಧನ ಇಲ್ಲದೆ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಯುವುದು ಇನ್ನೊಂದು. ಇದಕ್ಕೆ ಕಾನೂನು ಕೊಟ್ಟ ಹೆಸರು ‘ಅಪಾಯಕಾರಿ ಸ್ವಚ್ಛತೆ’. ವಿಷಾನಿಲ ಕುಡಿದು ಸಾಯುವವರು ಹೆಚ್ಚಾಗಿ ಈ ಎರಡನೇ ಖಾನೆಯವರು. ಹಾಗಾಗಿ ಮೊದಲ ಖಾನೆಯ ಬಗ್ಗೆ ಕೇಳಿದರೆ ಸಾವು ಸೊನ್ನೆ. ಎರಡನೆಯದರ ಬಗ್ಗೆ ಕೇಳಿದರೆ ನೂರಾರು. ಇನ್ನೊಂದು ವಿವರಣೆಯೂ ಅದೇ ಕಾಯ್ದೆಯಲ್ಲಿದೆ. ಸಲಕರಣೆ ಮತ್ತು ಸುರಕ್ಷಾ ಸಾಧನ ಕೊಟ್ಟು ಕೆಲಸಕ್ಕೆ ಹಚ್ಚಿದ್ದರೆ ಅಂಥವರನ್ನು ಮಲ ಹೊರುವವರು ಎಂದು ಪರಿಗಣಿಸುವಂತಿಲ್ಲ. ಕಾಗದದ ಮೇಲೆ ಒಂದು ಜೊತೆ ಗ್ಲೌಸ್ ತೋರಿಸಿದರೆ ಮನುಷ್ಯನ ಖಾನೆಯೇ ಬದಲಾಗುವ ದಾರಿ ಇದು.

ಇದು ಬರೀ ಪಾರಿಭಾಷಿಕ ಜಗಳ ಅಲ್ಲ. ಗುರುತಿಸಿದ ಮಲ ಹೊರುವವರಿಗೆ ಒಂದು ಬಾರಿಯ ನೆರವಾಗಿ 40,000 ರೂಪಾಯಿ, ಸಾಲದ ಸಹಾಯಧನ, ತರಬೇತಿ ಎಲ್ಲ ಇದೆ. ಎರಡನೇ ಖಾನೆಯವರು ಬಹಳ ವರ್ಷ ಆ ಪಟ್ಟಿಯಲ್ಲೇ ಇರಲಿಲ್ಲ. ಮ್ಯಾನ್‌ಹೋಲಿಗೆ ಇಳಿಯುವವರನ್ನು ಒಬ್ಬೊಬ್ಬರಾಗಿ ಗುರುತಿಸಿ ದಾಖಲಿಸುವ ‘ನಮಸ್ತೆ’ ಯೋಜನೆ ಶುರುವಾಗಿದ್ದು 2023ರಲ್ಲಿ. ಕಾಯ್ದೆ ಬಂದು ಹತ್ತು ವರ್ಷ ಆದ ಮೇಲೆ.

ಸಂಸತ್ತಿನಲ್ಲಿ ಸಮಾನತೆಯ ಮಾತು ಅಂದರೆ ನಮಗೆ ನೆನಪಾಗುವುದು ದೊಡ್ಡ ಭಾಷಣ, ಮೇಜು ಕುಟ್ಟುವುದು, ವೈರಲ್ ಆದ ಎರಡು ನಿಮಿಷದ ವಿಡಿಯೊ. ಅದಕ್ಕೂ ಅದರದ್ದೇ ಬೆಲೆ ಇದೆ. ಆದರೆ ಬಡವರ, ದಲಿತರ, ಹೆಂಗಸರ, ಲಿಂಗತ್ವ ಅಲ್ಪಸಂಖ್ಯಾತರ ವಿಷಯ ಸರ್ಕಾರದ ಕಡತದಲ್ಲಿ ಅಚ್ಚಾಗುವುದು ಹೆಚ್ಚಾಗಿ ಸಣ್ಣ ಬಾಗಿಲುಗಳಿಂದ. ಒಂದು ಪ್ರಶ್ನೆ, ತುರ್ತು ವಿಷಯ ಎತ್ತುವ ಶೂನ್ಯ ವೇಳೆಯ ಮೂರು ನಿಮಿಷ, ಶುಕ್ರವಾರ ಮಧ್ಯಾಹ್ನದ ಒಂದು ಖಾಸಗಿ ಮಸೂದೆ. ಈ ಬಾಗಿಲುಗಳು ಎಷ್ಟು ತೆರೆದಿವೆ, ಒಳಗೆ ಹೋದವರು ಅದನ್ನು ಎಷ್ಟು ಚೆನ್ನಾಗಿ ಬಳಸುತ್ತಾರೆ ಅನ್ನುವುದರ ಮೇಲೆ ಯಾರ ಸಾವು ಲೆಕ್ಕಕ್ಕೆ ಬರುತ್ತದೆ ಅನ್ನುವುದೂ ನಿಂತಿದೆ.

ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ

ಒಬ್ಬ ಸಂಸದರು ಪ್ರಶ್ನೆ ಕೇಳಬೇಕು ಅಂದರೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ಲೋಕಸಭೆಯ ನಿಯಮದ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ, ಮಾಹಿತಿಯನ್ನಷ್ಟೇ ಕೇಳಬೇಕು. ಬಂದ ನೋಟಿಸುಗಳನ್ನು ಲಾಟರಿ ಎತ್ತಿ ಆರಿಸುತ್ತಾರೆ. ಅಂದರೆ ನಿಮ್ಮ ಕ್ಷೇತ್ರದಲ್ಲಿ ನಿನ್ನೆ ಮ್ಯಾನ್‌ಹೋಲಿನಲ್ಲಿ ಇಬ್ಬರು ಸತ್ತಿದ್ದರೂ ನಿಮ್ಮ ಪ್ರಶ್ನೆ ಸದನಕ್ಕೆ ಬರುವುದು ಅದೃಷ್ಟದ ಮೇಲೆ.

ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು ಸಿಗುತ್ತದೆ. ರಾಜ್ಯಸಭೆಯಲ್ಲಿ 15ಕ್ಕೆ. ಇವಕ್ಕೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಉಳಿದವು ಚುಕ್ಕೆ ರಹಿತ. ಲೋಕಸಭೆಯಲ್ಲಿ ದಿನಕ್ಕೆ 230, ರಾಜ್ಯಸಭೆಯಲ್ಲಿ 160. ಅವಕ್ಕೆ ಉತ್ತರ ಕಾಗದದಲ್ಲಿ ಬರುತ್ತದೆ, ಅಷ್ಟೇ. 20 ಚುಕ್ಕೆ ಗುರುತಿನ ಪ್ರಶ್ನೆಗಳಲ್ಲೂ ಒಂದು ಗಂಟೆಯಲ್ಲಿ ಮಾತಿನ ಉತ್ತರ ಸಿಗುವುದು ನಾಲ್ಕೈದಕ್ಕೆ. ಸದನದಲ್ಲಿ ಗಲಾಟೆ ಆದರೆ ಅದೂ ಇಲ್ಲ.

ಚುಕ್ಕೆ ಗುರುತಿಗೆ ಇಷ್ಟು ಬೆಲೆ ಯಾಕೆ ಅಂದರೆ ಉಪಪ್ರಶ್ನೆ. ಮೂಲ ಪ್ರಶ್ನೆಗೆ ಅಧಿಕಾರಿಗಳು ಎರಡು ವಾರ ಕೂತು ಉತ್ತರ ಬರೆದಿರುತ್ತಾರೆ. ಪ್ರತಿ ಪದವನ್ನೂ ಅಳೆದಿರುತ್ತಾರೆ. ಆದರೆ ಉಪಪ್ರಶ್ನೆ ಏನು ಬರುತ್ತದೋ ಸಚಿವರಿಗೆ ಖಚಿತವಾಗಿ ಗೊತ್ತಿರುವುದಿಲ್ಲ. ‘ನಿಮ್ಮ ಉತ್ತರದಲ್ಲಿ ಸಾವು ಇಲ್ಲ ಅಂದಿದ್ದೀರಿ. ಹಾಗಾದರೆ ಫೆಬ್ರವರಿಯಲ್ಲಿ ಹೇಳಿದ 340 ಜನ ಯಾರು?’ ಎಂದು ಕೇಳುವ ಜಾಗ ಅದೊಂದೇ. ಲಿಖಿತ ಉತ್ತರಕ್ಕೆ ಹಾಗೆ ಎದುರು ಮಾತು ಆಡಲು ಆಗುವುದಿಲ್ಲ. ಮತ್ತೆ ನೋಟಿಸ್, ಮತ್ತೆ 15 ದಿನ, ಮತ್ತೆ ಲಾಟರಿ. ಅಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ಇದನ್ನು ದೇಶ ಒಮ್ಮೆ ಕಣ್ಣಾರೆ ಕಂಡಿತು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟರು. ಲಿಖಿತ ಉತ್ತರ ಮಾತ್ರ ಉಳಿಯಿತು. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ನಡೆದು ಹೋಗುತ್ತಾ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂಬ ಪ್ರಶ್ನೆ ಅಧಿವೇಶನದ ಮೊದಲ ದಿನವೇ ಬಂದಿತ್ತು. ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಪರಿಹಾರ ಕೊಟ್ಟಿದ್ದೀರಾ ಎಂಬ ಮುಂದಿನ ಭಾಗಕ್ಕೆ, ಆ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬ ಉತ್ತರ. ಅದೇ ಉತ್ತರದಲ್ಲಿ ಒಂದು ಕೋಟಿಗೂ ಹೆಚ್ಚು ವಲಸೆ ಕಾರ್ಮಿಕರು ಊರಿಗೆ ಮರಳಿದರು ಎಂಬ ಲೆಕ್ಕ ಇತ್ತು. ಮರಳಿದವರನ್ನು ಎಣಿಸಿದ್ದಾರೆ, ದಾರಿಯಲ್ಲಿ ಸತ್ತವರನ್ನು ಎಣಿಸಿಲ್ಲ. ಎಣಿಸದೇ ಇದ್ದದ್ದಕ್ಕೆ ಪರಿಹಾರವೂ ಇಲ್ಲ. ಸಚಿವರು ಎದ್ದು ನಿಲ್ಲುವ ವ್ಯವಸ್ಥೆ ಆ ದಿನ ಇದ್ದಿದ್ದರೆ ಈ ಉತ್ತರ ಹತ್ತು ನಿಮಿಷವೂ ತಡೆದುಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಅಷ್ಟಾದರೂ ಆ ಲಿಖಿತ ಉತ್ತರ ವ್ಯರ್ಥ ಆಗಲಿಲ್ಲ. ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಕೆಲವೇ ದಿನಗಳಲ್ಲಿ ರಾಜ್ಯಸಭೆಯಲ್ಲಿ ತೃಣಮೂಲ ಕಾಂಗ್ರೆಸ್ಸಿನ ಡೆರೆಕ್ ಒ'ಬ್ರಯಾನ್ ಇದೇ ವಿಷಯವನ್ನು ರೈಲ್ವೆ ಖಾತೆಗೆ ಕೇಳಿದರು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ದ ಶ್ರಮಿಕ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರವರೆಗೆ 97 ಮಂದಿ ಸತ್ತಿದ್ದಾರೆ ಎಂಬ ಉತ್ತರ ಬಂತು. ಒಂದು ಖಾತೆಯಲ್ಲಿ ಇಲ್ಲದ ಲೆಕ್ಕ ಇನ್ನೊಂದು ಖಾತೆಯಲ್ಲಿ ಇತ್ತು! ಯಾರನ್ನು ಕೇಳಬೇಕು ಅನ್ನುವುದನ್ನು ತಿಳಿದು ಕೇಳಿದ್ದರ ಫಲ ಅದು. ಮುಂದೆ 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಶುರುವಾಯಿತು. ಅದಕ್ಕೆ ಸುಪ್ರೀಂ ಕೋರ್ಟಿನ ಒತ್ತಡ ಮುಖ್ಯ ಕಾರಣ. ಸಂಸತ್ತಿನ ಒಂದು ಪ್ರಶ್ನೆಯೇ ಎಲ್ಲವನ್ನೂ ಮಾಡಿತು ಎಂದರೆ ತಪ್ಪಾಗುತ್ತದೆ. ಆದರೆ ‘ಲೆಕ್ಕ ಇಲ್ಲ’ ಎಂಬ ಮಾತನ್ನು ಸರ್ಕಾರದ ಬಾಯಿಂದಲೇ ದಾಖಲೆಗೆ ತಂದದ್ದು ಆ ಪ್ರಶ್ನೆ.

ಜಾತಿಯನ್ನು ಹೆಸರು ಹಿಡಿದು ಕೇಳಿದಾಗ

2021ರ ಡಿಸೆಂಬರಿಗೆ ಬರೋಣ. ಅದೇ ಮಲ ಹೊರುವ ಪದ್ಧತಿಯ ಬಗ್ಗೆ ರಾಜ್ಯಸಭೆಯಲ್ಲಿ ಬಿಹಾರದ ಮನೋಜ್ ಝಾ ಪ್ರಶ್ನೆ ಕೇಳಿದರು. ಎಷ್ಟು ಜನ ಎಂದು ಮಾತ್ರ ಕೇಳಿ ಬಿಡಲಿಲ್ಲ. ಜಾತಿವಾರು ವಿವರ ಕೊಡಿ ಎಂದರು. ಉತ್ತರ ಹೀಗಿತ್ತು: ಗುರುತಿಸಿದವರು 58,098. ಜಾತಿಯ ವಿವರ ಸಿಕ್ಕಿದ್ದು 43,797 ಮಂದಿಯದು. ಅವರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರು.

ನೂರಕ್ಕೆ 97. ಊರಿನಲ್ಲಿ ಬದುಕಿದ ಯಾರಿಗೂ ಇದು ಹೊಸ ವಿಷಯ ಅಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ, ಅಲ್ವಾ? ಆದರೆ ಎಲ್ಲರಿಗೂ ಗೊತ್ತಿರುವುದಕ್ಕೂ ಸರ್ಕಾರ ಸದನದಲ್ಲಿ ಒಪ್ಪಿಕೊಂಡದ್ದಕ್ಕೂ ಬಹಳ ದೂರ ಇದೆ. ಇದು ಬಡತನದ ಕೆಲಸ, ಯಾರು ಬೇಕಾದರೂ ಮಾಡುತ್ತಾರೆ ಎಂಬ ವಾದಕ್ಕೆ ಇನ್ನು ಸರ್ಕಾರದ್ದೇ ಅಂಕಿ ಎದುರಿಗೆ ನಿಂತಿದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿ ಏಳು ದಶಕ ಆದ ಮೇಲೂ ಒಂದು ಕೆಲಸ ಹುಟ್ಟಿನಿಂದಲೇ ಹಂಚಿಕೆ ಆಗುತ್ತಿದೆ ಎಂದು ಯಾವ ವಕೀಲರೂ ಈಗ ಕೋರ್ಟಿನಲ್ಲಿ ಆ ಉತ್ತರ ಇಟ್ಟು ವಾದ ಮಾಡಬಹುದು.

ಪ್ರಶ್ನೆಯ ವಾಕ್ಯದಲ್ಲಿ ‘ಜಾತಿವಾರು’ ಎಂಬ ಒಂದೇ ಪದ ಇಲ್ಲದಿದ್ದರೆ ಈ ಅಂಕಿ ಬರುತ್ತಿರಲಿಲ್ಲ. ‘ರಾಜ್ಯವಾರು’ ಎಂದರೆ ಒಂದು ಪಟ್ಟಿ ಸಿಗುತ್ತದೆ. ‘ಲಿಂಗವಾರು’ ಎಂದರೆ ಇನ್ನೊಂದು. ‘ಮಂಜೂರಾದ’ ಹಣ ಎಂದು ಕೇಳಿದರೆ ದೊಡ್ಡ ಮೊತ್ತ, ‘ಖರ್ಚಾದ’ ಹಣ ಎಂದು ಕೇಳಿದರೆ ಸಣ್ಣ ಮೊತ್ತ. ಕಸುಬು ಬಲ್ಲ ಸಂಸದರಿಗೂ ಸುಮ್ನೆ ಹಾಜರಿ ಹಾಕುವವರಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಒಬ್ಬ ಸದಸ್ಯರು ಎಷ್ಟು ಪ್ರಶ್ನೆ ಕೇಳಿದರು ಎಂದು ಎಣಿಸಿ ರ‍್ಯಾಂಕ್ ಕೊಡುವ ಅಭ್ಯಾಸ ಬೆಳೆದಿದೆ. ಅದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ಯಾವ ಯೋಜನೆಯ ಹೆಸರು ಬೇಕಾದರೂ ಹಾಕಿ ‘ವಿವರ ನೀಡಿ’ ಎಂದು ಕೇಳಿದ ನೂರು ಪ್ರಶ್ನೆಗಿಂತ ಝಾ ಅವರ ಆ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡಿದೆ.

ಈ ಹೋರಾಟದ ಬೇರು ನಮ್ಮ ರಾಜ್ಯದಲ್ಲೂ ಇದೆ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಮೊದಲ ಕಾನೂನು ಬಂದದ್ದು 1993ರಲ್ಲಿ. ಕೆಜಿಎಫ್‌ನ ಸಫಾಯಿ ಕರ್ಮಚಾರಿ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ಮಾರ್ಚ್‌ನಲ್ಲಿ ತೀರ್ಪು ಬಂತು. 1993ರಿಂದ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದು ಕೋರ್ಟ್ ಹೇಳಿತು. 2023ರ ಅಕ್ಟೋಬರ್ 20ರಂದು ಅದೇ ಕೋರ್ಟ್ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಬೀದಿ, ಕೋರ್ಟ್, ಸದನ ಮೂರೂ ಒಂದಕ್ಕೊಂದು ಆಸರೆಯಾಗಿ ನಡೆದ ಹೋರಾಟ ಇದು. ತೀರ್ಪು ಕೊಡುವುದು ಕೋರ್ಟಿನ ಕೆಲಸ. ತೀರ್ಪು ಜಾರಿ ಆಯಿತಾ ಎಂದು ವರ್ಷ ವರ್ಷ ಕೇಳುವುದು ಸಂಸದರ ಕೆಲಸ.

2025ರ ಜುಲೈಯಲ್ಲಿ ಸಂಸತ್ತಿನ ಮುಂದೆ ಇನ್ನೊಂದು ಕಾಗದ ಬಂತು. ಸರ್ಕಾರವೇ ಮಾಡಿಸಿದ ಸಾಮಾಜಿಕ ಲೆಕ್ಕ ಪರಿಶೋಧನೆ. 2022 ಮತ್ತು 2023ರಲ್ಲಿ ಚರಂಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಸತ್ತವರಲ್ಲಿ 54 ಜನರ ಪ್ರಕರಣಗಳನ್ನು ಅದು ಬಿಡಿಸಿ ನೋಡಿತ್ತು. ಅವರಲ್ಲಿ 49 ಮಂದಿಯ ಮೈಮೇಲೆ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ‘ಸಾವು ವರದಿಯಾಗಿಲ್ಲ’ ಎಂದ ಸಚಿವಾಲಯವೇ ನಾಲ್ಕು ವರ್ಷಗಳಲ್ಲಿ ಒಂದೊಂದು ಸಾವನ್ನೂ ಹೀಗೆ ಪರೀಕ್ಷಿಸಿದ ವರದಿಯನ್ನು ಸದನಕ್ಕೆ ತಂದಿತು. ಪಟ್ಟು ಬಿಡದೆ ಕೇಳಿದ್ದಕ್ಕೆ ಇದರಲ್ಲಿ ಪಾಲಿದೆ ಎಂದು ನಾನು ಓದುತ್ತೇನೆ.

ಶುಕ್ರವಾರ ಮಧ್ಯಾಹ್ನದ ಮಸೂದೆ

ಪ್ರಶ್ನೆ ಕೇಳುವುದು ಒಂದು ದಾರಿ. ಕಾನೂನನ್ನೇ ಬರೆದು ತರುವುದು ಇನ್ನೊಂದು. ಸಚಿವರಲ್ಲದ ಯಾವ ಸದಸ್ಯರೂ ಖಾಸಗಿ ಮಸೂದೆ ಮಂಡಿಸಬಹುದು. ಅಧಿವೇಶನದ ಹೊತ್ತಿನಲ್ಲಿ ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆಯಷ್ಟು ಹೊತ್ತು ಅದಕ್ಕೆ ಮೀಸಲು. ವಾರಾಂತ್ಯಕ್ಕೆ ಊರಿಗೆ ಹೊರಟವರು ಹೊರಟಿರುತ್ತಾರೆ, ಬೆಂಚುಗಳು ಖಾಲಿ ಇರುತ್ತವೆ. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿಯವರೆಗೆ ಕಾನೂನಾದ ಖಾಸಗಿ ಮಸೂದೆಗಳು ಬರೀ 14. ಕೊನೆಯದು 1970ರಲ್ಲಿ.

ಇಂಥ ಬರದ ನಡುವೆ 2015ರ ಏಪ್ರಿಲ್ 24ರಂದು ರಾಜ್ಯಸಭೆಯಲ್ಲಿ ಒಂದು ಘಟನೆ ನಡೆಯಿತು. ತಮಿಳುನಾಡಿನ ತಿರುಚಿ ಶಿವ ಅವರು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ತಂದಿದ್ದರು. ಅದಕ್ಕೆ ಒಂದು ವರ್ಷ ಮೊದಲು, 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದಿತ್ತು. ತಮ್ಮ ಲಿಂಗ ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದು ಎಂದು ಕೋರ್ಟ್ ಒಪ್ಪಿತ್ತು. ಶಿವ ಅವರ ಮಸೂದೆಯಲ್ಲಿ ಉದ್ಯೋಗ ಮೀಸಲಾತಿ ಇತ್ತು, ಪ್ರತ್ಯೇಕ ಆಯೋಗ ಇತ್ತು, ವಿಶೇಷ ನ್ಯಾಯಾಲಯ ಇತ್ತು.

ಆಗ ಸಾಮಾಜಿಕ ನ್ಯಾಯ ಸಚಿವರಾಗಿದ್ದವರು ಥಾವರಚಂದ್ ಗೆಹಲೋತ್. ಮುಂದೆ ಕರ್ನಾಟಕದ ರಾಜ್ಯಪಾಲರಾದವರು. ಮಸೂದೆ ಹಿಂಪಡೆಯಿರಿ, ಸರ್ಕಾರವೇ ಕ್ರಮ ತೆಗೆದುಕೊಳ್ಳುತ್ತದೆ ಎಂದು ಅವರು ಕೋರಿದರು. ಖಾಸಗಿ ಮಸೂದೆಗಳ ಕತೆ ಸಾಮಾನ್ಯವಾಗಿ ಮುಗಿಯುವುದು ಇಲ್ಲೇ. ಸಚಿವರು ಭರವಸೆ ಕೊಡುತ್ತಾರೆ, ಸದಸ್ಯರು ಧನ್ಯವಾದ ಹೇಳಿ ಹಿಂದಕ್ಕೆ ಪಡೆಯುತ್ತಾರೆ. ಶಿವ ಒಪ್ಪಲಿಲ್ಲ. ಮತಕ್ಕೆ ಹಾಕಿ ಎಂದರು. ಧ್ವನಿಮತದಲ್ಲಿ ಮಸೂದೆ ಪಾಸಾಯಿತು. ಯಾರೂ ವಿರೋಧಿಸಲಿಲ್ಲ. 45 ವರ್ಷಗಳಲ್ಲಿ ರಾಜ್ಯಸಭೆ ಒಪ್ಪಿದ ಮೊದಲ ಖಾಸಗಿ ಮಸೂದೆ ಅದು.

ಮುಂದೆ ಆದದ್ದು ಸಂತೋಷದ ಕತೆ ಅಲ್ಲ. ಲೋಕಸಭೆಯಲ್ಲಿ ಆ ಮಸೂದೆ ಮುಂದೆ ಹೋಗಲಿಲ್ಲ. 2016ರಲ್ಲಿ ಸರ್ಕಾರ ತನ್ನದೇ ಮಸೂದೆ ತಂದಿತು. ಅದರ ಭಾಷೆಗೆ ಲಿಂಗತ್ವ ಅಲ್ಪಸಂಖ್ಯಾತರ ಸಮುದಾಯವೇ ಸಿಟ್ಟಾಯಿತು. 2018ರ ಡಿಸೆಂಬರಿನಲ್ಲಿ 27 ತಿದ್ದುಪಡಿಯೊಂದಿಗೆ ಲೋಕಸಭೆ ದಾಟಿ, ಚುನಾವಣೆ ಬಂದು ಬಿದ್ದುಹೋಯಿತು. ಕೊನೆಗೆ 2019ರ ನವೆಂಬರ್ 26ರಂದು ರಾಜ್ಯಸಭೆ ಒಪ್ಪಿ ಕಾಯ್ದೆಯಾಯಿತು. ಆ ಕಾಯ್ದೆಯಲ್ಲಿ ಮೀಸಲಾತಿ ಇರಲಿಲ್ಲ. ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕಿತ್ತು. ಲೈಂಗಿಕ ದೌರ್ಜನ್ಯಕ್ಕೆ ಆರು ತಿಂಗಳಿಂದ ಎರಡು ವರ್ಷ ಶಿಕ್ಷೆ. ಹೆಂಗಸಿನ ಮೇಲೆ ಅತ್ಯಾಚಾರ ಆದರೆ ಕನಿಷ್ಠ ಹತ್ತು ವರ್ಷ, ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಆದರೆ ಗರಿಷ್ಠ ಎರಡು ವರ್ಷ. ಸಮಾನತೆಯ ಹೆಸರಿನ ಕಾನೂನಿನೊಳಗೇ ಇಂಥ ಅಸಮಾನತೆ ಹೇಗೆ ಕೂತಿತು ಎಂದು ನೋವಾಗುತ್ತದೆ.

ಹಾಗಾದರೆ ಶಿವ ಅವರ ಮಸೂದೆ ಸೋತಿತಾ? ಕಾನೂನಾಗಿ ಸೋತಿತು. ಆದರೆ 2015ಕ್ಕೆ ಮೊದಲು ಈ ವಿಷಯದಲ್ಲಿ ಸರ್ಕಾರದ ಬಳಿ ಮಸೂದೆಯೇ ಇರಲಿಲ್ಲ. ಆಮೇಲೆ ತರದೇ ಇರಲು ಆಗಲಿಲ್ಲ. ಜೊತೆಗೆ, ಸರ್ಕಾರದ ಮಸೂದೆಯನ್ನು ಅಳೆದು ನೋಡಲು ಒಂದು ಅಳತೆಗೋಲು ಸದನದ ದಾಖಲೆಯಲ್ಲೇ ಸಿಕ್ಕಿತು. ನೀವೇ ಎಲ್ಲರೂ ಒಪ್ಪಿದ ಮೀಸಲಾತಿ ಇದರಲ್ಲಿ ಎಲ್ಲಿ ಎಂದು ಕೇಳಲು ಸಾಧ್ಯವಾಯಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಸಮತಲ ಮೀಸಲಾತಿ, ಅಂದರೆ ಪ್ರತಿ ಜಾತಿ ವರ್ಗದ ಪಾಲಿನೊಳಗೇ ಸಿಗುವ ಮೀಸಲಾತಿ, ಕೊಟ್ಟಿತು. ದೇಶದಲ್ಲೇ ಮೊದಲು.

ಇಂಥ ವಿಷಯಗಳಿಗೆ ಕಾಲ ಹಿಡಿಯುತ್ತದೆ. ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ವಿರುದ್ಧ ದನಿ ಎತ್ತಿದ್ದು 1920ರ ದಶಕದ ಕೊನೆಯಲ್ಲಿ. ಪದ್ಧತಿಯನ್ನು ಪೂರ್ತಿ ನಿಷೇಧಿಸುವ ಕಾನೂನು ಅಲ್ಲಿ ಬಂದದ್ದು 1947ರಲ್ಲಿ. ಕರ್ನಾಟಕದ ಕಾಯ್ದೆ 1982ರದ್ದು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರು ಕಾರ್ಮಿಕ ಹೆಂಗಸರ ಹೆರಿಗೆ ಭತ್ಯೆ ಮಸೂದೆಯ ಪರ ಮಾತಾಡಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ವಿಶ್ರಾಂತಿ ಸಿಕ್ಕರೆ ದೇಶಕ್ಕೇ ಒಳ್ಳೆಯದು, ಆದ್ದರಿಂದ ಆ ಖರ್ಚಿನಲ್ಲಿ ಸರ್ಕಾರಕ್ಕೂ ಪಾಲಿರಬೇಕು ಎಂಬ ವಾದ ಅವರದು. ಆ ಮಸೂದೆ ಮರುವರ್ಷ ಕಾಯ್ದೆಯಾಯಿತು. ಇವತ್ತು ಕಂಪನಿಗಳು ಹೆರಿಗೆ ರಜೆಯ ಭಾರ ತಪ್ಪಿಸಿಕೊಳ್ಳಲು ಹೆಂಗಸರಿಗೆ ಕೆಲಸವನ್ನೇ ಕೊಡದೆ ಇರುವುದನ್ನು ನೋಡಿದಾಗ ಸರ್ಕಾರವೂ ಪಾಲು ಹೊರಬೇಕು ಎಂಬ ಆ ಮಾತು ಎಷ್ಟು ಮುಂದಿನದ್ದು ಅನ್ನಿಸುತ್ತದೆ.

ಬಾಗಿಲು ಕಿರಿದಾಗುವ ಬಗೆ

ಅಡ್ಡಿಗಳು ಹಲವು. ಒಂದು, ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಸೂಚನೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಪಕ್ಷದ ಸೂಚನೆ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಆಳುವ ಪಕ್ಷದಲ್ಲಿ ಇದ್ದುಕೊಂಡು ತನ್ನದೇ ಸರ್ಕಾರದ ಸಾಮಾಜಿಕ ನೀತಿಯನ್ನು ಎದುರಿಸುವವರು ಹಾಗಾಗಿ ಅಪರೂಪ. ಆದರೆ ಪ್ರಶ್ನೆ ಕೇಳುವುದಕ್ಕೆ ವಿಪ್ ಅನ್ವಯಿಸುವುದಿಲ್ಲ. ಆಳುವ ಪಕ್ಷದ ಸದಸ್ಯರೂ ಪರಿಹಾರ ಯಾಕೆ ಸಿಕ್ಕಿಲ್ಲ ಎಂದು ಕೇಳಬಹುದು. ಕೇಳುವವರಿದ್ದಾರೆ, ಸಾಲದು.

ಎರಡನೆಯದು ಸಮಯ. ಚರ್ಚೆಯಲ್ಲಿ ಮಾತಿನ ನಿಮಿಷಗಳನ್ನು ಪಕ್ಷದ ಬಲ ನೋಡಿ ಹಂಚುತ್ತಾರೆ. ಸಣ್ಣ ಪಕ್ಷದವರಿಗೆ, ಪಕ್ಷೇತರರಿಗೆ ಮೂರೋ ನಾಲ್ಕೋ ನಿಮಿಷ. 2023ರ ಡಿಸೆಂಬರಿನ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರನ್ನು ಅಮಾನತು ಮಾಡಿದರು. ಅಮಾನತಾದವರ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆದರು. ಸದಸ್ಯರ ವರ್ತನೆ ಸರಿಯೋ ತಪ್ಪೋ, ಅದು ಬೇರೆ ವಾದ. ಅವರ ಕ್ಷೇತ್ರದ ಜನರ ಪ್ರಶ್ನೆ ಏನು ತಪ್ಪು ಮಾಡಿತ್ತು? ಇದು ನನಗೆ ಇವತ್ತಿಗೂ ಒಪ್ಪಲು ಆಗದ ಕ್ರಮ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ‘ಇದು ರಾಜ್ಯದ ವಿಷಯ’ ಎಂಬ ಉತ್ತರ. ನೈರ್ಮಲ್ಯ, ಸ್ಥಳೀಯ ಸಂಸ್ಥೆಗಳು ರಾಜ್ಯ ಪಟ್ಟಿಯಲ್ಲಿವೆ, ನಿಜ. ಕೇಂದ್ರವು ರಾಜ್ಯಗಳನ್ನು ಕೇಳುತ್ತದೆ. ರಾಜ್ಯ ಜಿಲ್ಲೆಯನ್ನು ಕೇಳುತ್ತದೆ. ಜಿಲ್ಲೆಯಲ್ಲಿ ಯಾರಾದರೂ ‘ನಮ್ಮಲ್ಲಿ ಇಲ್ಲ’ ಎಂದು ಬರೆದರೆ ಆ ಸೊನ್ನೆ ದೆಹಲಿಯವರೆಗೂ ಹೋಗುತ್ತದೆ. ಇದೆ ಎಂದು ಬರೆದರೆ ಆ ಅಧಿಕಾರಿಯೇ ಕಾನೂನು ಜಾರಿ ಮಾಡಿಲ್ಲ ಎಂದು ಒಪ್ಪಿಕೊಂಡ ಹಾಗೆ. ಇಲ್ಲ ಎಂದು ಬರೆದರೆ ಕೇಳುವವರಿಲ್ಲ. ಸೊನ್ನೆ ಬರೆಯಲು ಎಲ್ಲರಿಗೂ ಕಾರಣ ಇದೆ, ಸತ್ತವರ ಮನೆಯವರನ್ನು ಬಿಟ್ಟು.

ಇದಕ್ಕೆ ಸದನದೊಳಗೇ ಒಂದು ಮದ್ದಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂದು ಸಚಿವರು ಹೇಳಿದರೆ ಅದನ್ನು ಭರವಸೆ ಎಂದು ದಾಖಲಿಸುತ್ತಾರೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಟಿವಿಯಲ್ಲಿ ಬರದ, ಚಪ್ಪಾಳೆ ಸಿಗದ ಕೆಲಸ. ಪ್ರಶ್ನೆ ಕೇಳಿ ಮರೆಯುವ ಸಂಸದರಿಗೆ ಇದು ಬೇಕಾಗುವುದಿಲ್ಲ. ಬೆನ್ನು ಹತ್ತುವವರಿಗೆ ಇದು ದೊಡ್ಡ ಆಯುಧ.

2013ರ ಕಾಯ್ದೆಯ ಆ ಎರಡು ಖಾನೆಗಳ ಕತೆ ಇನ್ನೂ ಮುಗಿದಿಲ್ಲ. 2020ರ ಮುಂಗಾರು ಅಧಿವೇಶನದ ಪಟ್ಟಿಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಸೂದೆ ಎಂದು ಇತ್ತು. ಆ ಅಧಿವೇಶನದಲ್ಲಿ ಅದು ಮಂಡನೆ ಆಗಲೇ ಇಲ್ಲ.

ಆದ್ದರಿಂದ ಈ ವಿಷಯ ಎತ್ತಿಕೊಳ್ಳುವ ಯಾವುದೇ ಸಂಸದರಿಗೆ, ಯಾವ ಪಕ್ಷದವರೇ ಆಗಲಿ, 150 ಪದದ ಮಿತಿಯೊಳಗೆ ಕೇಳಬಹುದಾದ್ದು ಇಷ್ಟಿದೆ. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ, ಕಾಯ್ದೆಯ ಯಾವ ವ್ಯಾಖ್ಯೆಗೆ ಸೇರಿದರೂ ಸರಿ, 2023ರ ಅಕ್ಟೋಬರ್ 20ರ ನಂತರ ಸತ್ತವರು ರಾಜ್ಯವಾರು, ಜಾತಿವಾರು ಎಷ್ಟು? ಅವರಲ್ಲಿ ಎಷ್ಟು ಕುಟುಂಬಕ್ಕೆ ಪೂರ್ತಿ 30 ಲಕ್ಷ ರೂಪಾಯಿ ತಲುಪಿದೆ, ಸತ್ತ ದಿನದಿಂದ ಎಷ್ಟು ದಿನಕ್ಕೆ? ಕಾಯ್ದೆಯ 7ನೇ ಸೆಕ್ಷನ್ ಉಲ್ಲಂಘನೆಗೆ ಎಷ್ಟು ಎಫ್‌ಐಆರ್, ಎಷ್ಟು ಆರೋಪಪಟ್ಟಿ, ಎಷ್ಟು ಮಂದಿಗೆ ಶಿಕ್ಷೆ? ಇವರನ್ನು ಇಳಿಸಿದ್ದು ಸ್ಥಳೀಯ ಸಂಸ್ಥೆಯೋ, ಗುತ್ತಿಗೆದಾರರೋ, ಖಾಸಗಿ ಮನೆಯವರೋ?

ಕೊನೆಯ ಭಾಗ ಮುಖ್ಯ. ಗುತ್ತಿಗೆಯ ಮೇಲೆ ಗುತ್ತಿಗೆ ಇಟ್ಟು ಹೊಣೆ ಜಾರಿಸುವುದು ಅಲ್ಲೇ. ಅಪಾಯಕಾರಿ ಸ್ವಚ್ಛತೆಗೆ ಹಚ್ಚಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಈ ಪ್ರಶ್ನೆಗೆ ಚುಕ್ಕೆ ಗುರುತು ಸಿಕ್ಕಿ, ಸಚಿವರು ಎದ್ದು ನಿಂತು, ಸಾವು ಇಷ್ಟು ಎಂದು ಓದಿದ ಮೇಲೆ ಸದಸ್ಯರಿಗೆ ಎರಡು ಉಪಪ್ರಶ್ನೆಯ ಅವಕಾಶ ಇರುತ್ತದೆ. ಶಿಕ್ಷೆ ಆದವರ ಹೆಸರುಗಳನ್ನು ಸದನಕ್ಕೆ ಕೊಡುತ್ತೀರಾ ಅನ್ನುವುದು ಒಂದು. ಯಾರಿಗೂ ಶಿಕ್ಷೆ ಆಗಿಲ್ಲ ಎಂದರೆ, ಯಾವ ಯಾವ ಜಿಲ್ಲಾಧಿಕಾರಿಗೆ ನೋಟಿಸ್ ಕೊಟ್ಟಿದ್ದೀರಿ ಅನ್ನುವುದು ಇನ್ನೊಂದು.